ಮಳೆ ಊರಿನ ಮನೆಗೆ ಯಾವ ಟೈಲ್ಸ್? ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಹೊಸ ಮನೆ ಕಟ್ಟಿಸ್ತಿದೀವಿ. ಹಾಲ್‌ಗೂ ಮನೆ ಮುಂದಿನ ಸಿಟೌಟ್‌ಗೂ ಒಂದೇ ಥರ ಮಾರ್ಬಲ್ ಡಿಸೈನಿನ 2x4 ಅಡಿ ಗ್ಲಾಸಿ ಟೈಲ್ಸ್ ಹಾಕ್ಸೋಣ ಅಂತಾರೆ ನಮ್ಮನೆಯವ್ರು, ನಂಗೆ ಬಣ್ಣ ಬಣ್ಣದ ಚಿತ್ತಾರದ ಮೊರಾಕನ್ ಡಿಸೈನ್ ಇಷ್ಟ. ಏನ್ಮಾಡ್ಲಿ?
– ಓದುಗರು, ವಿರಾಜಪೇಟೆ

ಉತ್ತರ: ಎರಡೂ ಹಾಕ್ಸಿ, ಆದ್ರೆ ಜಾಗ ನೋಡಿ ಹಾಕ್ಸಿ. ಸಿಟೌಟ್‌ಗೆ ಮಾತ್ರ ಗ್ಲಾಸಿ ದಯವಿಟ್ಟು ಬೇಡ, ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಎರಚಲು ಒಳಗಿನ್ ತನಕ ಹೊಡೆಯುತ್ತೆ, ತೋಟದಿಂದ ಬರೋರ ಗಂಬೂಟಿನ ಕೆಸರು ಬೇರೆ, ಮನೇಲಿ ವಯಸ್ಸಾದೋರು ಒಂದ್ಸಲ ಜಾರಿ ಬಿದ್ರೆ ಆಮೇಲೆ ಯಾವ ಡಿಸೈನ್ ಇದ್ದು ಏನು ಪ್ರಯೋಜನ ಹೇಳಿ. ಅಲ್ಲಿಗೆ ಮ್ಯಾಟ್ ಫಿನಿಶ್ ತಗೊಳ್ಳಿ, ಕ್ಯಾಟಲಾಗಲ್ಲಿ ಆರ್9ರಿಂದ ಆರ್13 ತನಕ ನಂಬರ್ ಇರುತ್ತೆ, ಜಾಸ್ತಿ ಆದಷ್ಟೂ ಹಿಡಿತ ಜಾಸ್ತಿ, ಆರ್11 ಕೇಳಿ. ಹಾಲ್‌ಗೆ ನಿಮ್ಮನೆಯವ್ರು ಹೇಳಿದ 2x4 ಚೆನ್ನಾಗೇ ಇರುತ್ತೆ, ಮಳೆಗಾಲದಲ್ಲಿ ಮಧ್ಯಾಹ್ನವೂ ಮಬ್ಬು ಅಲ್ವಾ, ತಿಳಿ ಬಣ್ಣ ಇದ್ರೆ ಒಳ್ಳೇದು, ಕಪ್ಪು ಬೂದು ಅಂತ ಹೋಗ್ಬೇಡಿ.

ನಿಮ್ಮ ಮೊರಾಕನ್‌ಗೆ ನಂಗೆ ತುಂಬಾ ಇಷ್ಟದ ಜಾಗ ಮೆಟ್ಟಿಲಿನ ರೈಸರ್. ಕಾಲಿಡೋ ಕಡೆ ಪ್ಲೇನ್ ಮ್ಯಾಟ್, ಎದುರಿಗೆ ಕಾಣೋ ನಿಂತ ಪಟ್ಟಿಗೆ ಡಿಸೈನ್. ಕಾಲು ತಾಗಿ ಸವೆಯಲ್ಲ, ಸೋಫಾದಲ್ಲಿ ಕೂತ್ರೆ ನೇರ ಕಣ್ಣಿಗೆ ಬೀಳುತ್ತೆ, ಖರ್ಚೂ ಕಮ್ಮಿ. ವಾಶ್ ಬೇಸಿನ್ ಹಿಂದೆ ಒಂದು ಗೋಡೆಗೂ ಆಗುತ್ತೆ. ಮನೆ ತುಂಬಾ ಹಾಕಿದ್ರೆ ವರ್ಷದೊಳಗೆ ಬೇಜಾರಾಗುತ್ತೆ ಅನ್ನೋದು ನನ್ನ ಅಭಿಪ್ರಾಯ.

ಇನ್ನೊಂದು ವಿಷ್ಯ, ಗೋಡೆಯ ಸೆರಾಮಿಕ್ ಟೈಲನ್ನ ರೇಟ್ ಕಮ್ಮಿ ಅಂತ ನೆಲಕ್ಕೆ ತರಬೇಡಿ. ಅಂಗಡೀಲೇ ಟೈಲ್ ತಿರುಗಿಸಿ ಹಿಂಭಾಗಕ್ಕೆ ನಾಲ್ಕು ಹನಿ ನೀರು ಹಾಕಿ ನೋಡಿ, ಗೋಡೆದಾದ್ರೆ ನೋಡ್ತಾ ಇರೋ ಹಾಗೇ ಹೀರ್ಕೊಳ್ಳುತ್ತೆ, ನೆಲಕ್ಕೆ ಹಾಕೋ ಗಟ್ಟಿ ವಿಟ್ರಿಫೈಡ್ ಆದ್ರೆ ಹನಿ ಹಾಗೇ ನಿಂತಿರುತ್ತೆ. ಗೋಡೆಯದು ತೂಕದ 10%ಗಿಂತ ಜಾಸ್ತಿ ನೀರು ಕುಡಿಯುತ್ತೆ, ವಿಟ್ರಿಫೈಡ್ ಅರ್ಧ ಪರ್ಸೆಂಟೂ ದಾಟಲ್ಲ. ನಮ್ಮೂರ ಶೀತಕ್ಕೆ ಇದು ದೊಡ್ಡ ವ್ಯತ್ಯಾಸ.

ಪ್ರಶ್ನೆ: ಅಡುಗೆಮನೆ ಗೋಡೆಗೆ ಈಗ ಎಲ್ರೂ ಹಾಕ್ಸೋ ಚಿಕ್ಕ ಬಿಳಿ 3x6 ಇಂಚಿನ ಟೈಲ್ಸ್ ಆಗುತ್ತಾ? ಸಂದು ಕಪ್ಪಾಗುತ್ತೆ ಅಂತಾರೆ.
– ಓದುಗರು, ಗೋಣಿಕೊಪ್ಪ

ಉತ್ತರ: ಆಗುತ್ತೆ, ಇದು 1904ರಲ್ಲಿ ನ್ಯೂಯಾರ್ಕಿನ ಸುರಂಗ ರೈಲು ಸ್ಟೇಷನ್‌ಗಳಿಗೆ ಹಾಕಿದ್ದ ಡಿಸೈನು, ಇವತ್ತಿಗೂ ಹಳೇದಾಗಿಲ್ಲ. ಆದ್ರೆ 12x18ರ ಒಂದು ಟೈಲ್ ಜಾಗಕ್ಕೆ ಇದು ಹನ್ನೆರಡು ಬೇಕು, ಸಂದು ಎಷ್ಟಾಗುತ್ತೆ ನೀವೇ ಲೆಕ್ಕ ಹಾಕಿ. ಸಂದು ತುಂಬೋಕೆ ಸಿಮೆಂಟ್ ಗ್ರೌಟ್ ಹಾಕಿದ್ರೆ ಪಂದಿಕರಿ ಎಣ್ಣೆ, ಅರಶಿನ ಎಲ್ಲಾ ಕುಡಿಯುತ್ತೆ, ಕಾಚಂಪುಳಿ ಹುಳಿ ಬಿದ್ದು ಬಿದ್ದು ಗ್ರೌಟನ್ನೇ ತಿನ್ನುತ್ತೆ. ಕ್ಲೀನ್ ಮಾಡೋಕೆ ಆ್ಯಸಿಡ್ ಹಾಕಿದ್ರಂತೂ ಇನ್ನೂ ಬೇಗ ಹೋಗುತ್ತೆ. ಒಲೆ ಹಿಂದಿನ ಗೋಡೆಗಾದ್ರೂ ಎಣ್ಣೆ, ಹುಳಿ ಹೀರದ ಎಪಾಕ್ಸಿ ಗ್ರೌಟ್ ಮಾಡ್ಸಿ, ದುಡ್ಡು ಜಾಸ್ತಿನೇ, ಆದ್ರೂ ಮಾಡ್ಸಿ. ಮೇಸ್ತ್ರಿ ತುಂಬಿದ ತಕ್ಷಣ ಒರೆಸಬೇಕು, ಒಣಗಿದ ಮೇಲೆ ಟೈಲ್ ಮೇಲಿನ ಕಲೆ ತೆಗೆಯೋದು ಬಹಳ ಕಷ್ಟ, ಹತ್ರ ನಿಂತು ಮಾಡಿಸ್ಕೊಳ್ಳಿ.

ಪ್ರಶ್ನೆ: ನಮ್ಮ ಒಕ್ಕದ (ಕುಟುಂಬದ) ಮೂಲಮನೆ ಐನ್‌ಮನೆಯ ಕೆಂಪು ಆಕ್ಸೈಡ್ ನೆಲ ಅಲ್ಲಲ್ಲಿ ಬಿರುಕು ಬಿಟ್ಟಿದೆ. ಮೇಲೆ ಟೈಲ್ಸ್ ಹಾಕ್ಸೋಣ ಅಂತ ಒಕ್ಕದವರಲ್ಲಿ ಕೆಲವರು ಹೇಳ್ತಾರೆ.
– ಓದುಗರು, ನಾಪೋಕ್ಲು

ಉತ್ತರ: ಬೇಡ ಅಣ್ಣಾ, ಕೈಮುಗಿದು ಕೇಳ್ಕೋತೀನಿ. ಎಷ್ಟೋ ತಲೆಮಾರು ಓಡಾಡಿ ಬಂದಿರೋ ಹೊಳಪು ಅದು, ಯಾವ ಅಂಗಡೀಲೂ ಸಿಗಲ್ಲ. ಆಕ್ಸೈಡ್ ಕೆಲಸ ಗೊತ್ತಿರೋ ಹಳೇ ಮೇಸ್ತ್ರಿ ಹುಡುಕಿ ಬಿರುಕು ತುಂಬ್ಸಿ ಪಾಲಿಶ್ ಮಾಡ್ಸಿ, ತೇಪೆ ಬಣ್ಣ ಸ್ವಲ್ಪ ಬೇರೆ ಕಂಡ್ರೂ ಪರವಾಗಿಲ್ಲ. ಟೈಲ್ಸ್ ಹಾಕ್ಲೇಬೇಕು ಅಂದ್ರೆ ಹೊಸದಾಗಿ ಸೇರ್ಸೋ ಬಾತ್‌ರೂಮಿಗೆ ಇಟ್ಟಿಗೆ ಕೆಂಪಿನ ಮ್ಯಾಟ್ 1x1 ಅಡಿ ಟೈಲ್ ಹಾಕ್ಸಿ, ಡಬ್ಬಿಗಳ ಶೇಡ್ ನಂಬರ್ ಎಲ್ಲಾ ಒಂದೇನಾ ನೋಡಿ, ಒಂದು ಡಬ್ಬಿ ಜಾಸ್ತಿ ತಂದು ಅಟ್ಟದ ಮೇಲೆ ಇಟ್ಟಿರಿ.