ನಂದಿನಿ ಕೈ ಕೊಟ್ಟಳಾ?

ಪ್ರಶ್ನೆ: ಮೊನ್ನೆ ಟಿವಿಯಲ್ಲಿ ಮತ್ತೆ ‘ಮುಂಗಾರು ಮಳೆ’ ಬಂತು. ರೂಮಿನಲ್ಲಿ ನಾಲ್ಕು ಜನ ಕೂತು ನೋಡಿದೆವು. ಕೊನೆಗೆ ಎಲ್ಲರದ್ದೂ ಒಂದೇ ಮಾತು, ‘ಪಾಪ ಪ್ರೀತಮ್, ನಂದಿನಿ ಕೈ ಕೊಟ್ಲು’ ಅಂತ. ವಾಚಿನ ನೆಪದಲ್ಲಿ ಫೋನ್ ಮಾಡಿ ವಾಪಸ್ ಕರೆಸಿಕೊಂಡಳು, ಆಸೆ ಹುಟ್ಟಿಸಿದಳು, ಆಮೇಲೆ ಅಪ್ಪ ನೋಡಿದ ಹುಡುಗನನ್ನೇ ಮದುವೆಯಾದಳು. ಇದು ಮೋಸ ಅಲ್ವಾ ಸರ್?
– ಒಬ್ಬ ಓದುಗ, ಹಾಸನ

ಉತ್ತರ: ಖಂಡಿತ ಅಲ್ಲ. ಸಿನಿಮಾ ಬಂದಿದ್ದು 2006ರ ಡಿಸೆಂಬರ್ ಕೊನೆಯಲ್ಲಿ. ಅವತ್ತಿನಿಂದ ಇವತ್ತಿನವರೆಗೂ ಆ ಹುಡುಗಿ ಮೇಲೆ ಇದೇ ದೂರು ಕೇಳುತ್ತಿದ್ದೇನೆ, ಪ್ರತಿ ಸಲವೂ ಬೇಜಾರಾಗುತ್ತೆ.

ಕತೆಯನ್ನು ಸ್ವಲ್ಪ ನಿಧಾನವಾಗಿ ನೆನಪು ಮಾಡಿಕೊಳ್ಳಿ. ಪ್ರೀತಮ್ ಮಡಿಕೇರಿಯಲ್ಲಿ ಅವಳನ್ನು ಮತ್ತೆ ನೋಡುವ ಹೊತ್ತಿಗೆ ಅವಳ ಮದುವೆ ಗೊತ್ತಾಗಿತ್ತು. ಅದು ಅವನಿಗೂ ಗೊತ್ತಾಯಿತು. ಇನ್ನು ವಾಚು. ಅದು ಅವಳದೇ ವಾಚು, ಅವನ ಕೈಗೆ ಸಿಕ್ಕಿತ್ತು, ವಾಪಸ್ ಕೊಡು ಅಂದಳು. ನಮ್ಮ ವಸ್ತು ನಾವು ಕೇಳಿದರೆ ಅದು ಪ್ರೀತಿಗೆ ಮಾತು ಕೊಟ್ಟ ಹಾಗೆ ಆಗುತ್ತಾ? ಮದುವೆ ಮನೆಯಲ್ಲೇ ಬಂದು ಉಳಿದುಕೊಂಡಿದ್ದು ಅವನ ಇಷ್ಟ.

ಆಮೇಲೆ ಅವಳ ಮನಸ್ಸು ಬದಲಾಯಿತು, ನಿಜ. ಆಗ ಏನು ಮಾಡಿದಳು ನೋಡಿ. ಸುಮ್ನೆ ಮನಸ್ಸಿನಲ್ಲಿ ಇಟ್ಟುಕೊಂಡು ಕೂರಲಿಲ್ಲ. ಮದುವೆಗೆ ಕೆಲವೇ ದಿನ ಇರುವಾಗ, ನೆಂಟರಿಷ್ಟರೆಲ್ಲ ಬರುತ್ತಿರುವಾಗ, ಅವನನ್ನು ಜಲಪಾತದ ತುದಿಗೆ ಕರೆದುಕೊಂಡು ಹೋಗಿ, ಅಂಚಿನಲ್ಲಿ ನಿಂತು, ಬಾಯಿಬಿಟ್ಟು ಹೇಳಿದಳು. ಅದಕ್ಕೂ ಮುಂಚೆ ಮಳೆಯಲ್ಲಿ ಹೆಂಡ ಕುಡಿದು ಕೂತಿದ್ದವನ ಹತ್ತಿರ ಕೊಡೆ ಹಿಡಿದು ನಡೆದು ಬಂದವಳೂ ಅವಳೇ.

ನಿರ್ಧಾರ ಆಗಿದ್ದು ಬೇರೆ ಕಡೆ. ಬೆಳಿಗ್ಗೆ ಜಾಗಿಂಗ್‌ಗೆ ಹೋದಾಗ ಅವಳಪ್ಪ, ಅಂದರೆ ಅನಂತ್ ನಾಗ್ ಮಾಡಿದ ಪಾತ್ರ, ತನ್ನ ಹೃದಯದ ಕಾಯಿಲೆ ಬಗ್ಗೆ, ಮಗಳ ಮದುವೆ ನೋಡುವ ಆಸೆ ಬಗ್ಗೆ ಹೇಳಿಕೊಳ್ಳುತ್ತಾರೆ. ಕೇಳಿದ್ದು ಪ್ರೀತಮ್, ತೀರ್ಮಾನ ಮಾಡಿದ್ದೂ ಪ್ರೀತಮ್. ಮದುವೆಯ ಹಿಂದಿನ ರಾತ್ರಿ ರಸ್ತೆ ಪಕ್ಕದ ಬಾರಿನ ಹತ್ತಿರ, ಅಪ್ಪ ನೋಡಿದ ಹುಡುಗ ಗೌತಮ್‌ನೇ ಅವಳಿಗೆ ಸರಿಯಾದವನು ಅಂತ, ಅವಳ ಹಿಂದೆ ಬಿದ್ದಿದ್ದ ಇನ್ನೊಬ್ಬನಿಗೆ ಮನವರಿಕೆ ಮಾಡಿಸಿದ್ದೂ ಪ್ರೀತಮ್‌ನೇ. ಇಷ್ಟೆಲ್ಲ ಮಾತುಕತೆ ಆಗುವಾಗ ನಂದಿನಿ ಎಲ್ಲಿದ್ದಳು? ಮನೆಯಲ್ಲಿ.

ನಾನು ಎರಡನೇ ಸಲ ಥಿಯೇಟರಿಗೆ ಹೋದಾಗ ಪಕ್ಕದಲ್ಲಿ ಅಕ್ಕ ಕೂತಿದ್ದಳು. ಎಲ್ಲರೂ ಕೊನೆಯಲ್ಲಿ ಸತ್ತುಹೋಗುವ ಪ್ರೀತಮ್‌ನ ಮೊಲಕ್ಕೆ ಕಣ್ಣೀರು ಹಾಕುತ್ತಿದ್ದರೆ ಅವಳು ನನ್ನ ಮೊಣಕೈ ತಿವಿದು, ‘ಆ ಹುಡುಗೀನ ಯಾರೂ ಒಂದು ಮಾತು ಕೇಳಲಿಲ್ವಲ್ಲೋ?’ ಅಂದಳು. ಅವತ್ತಿನಿಂದ ನನಗೆ ಆ ಕೊನೆಯನ್ನು ಮೊದಲಿನ ಹಾಗೆ ನೋಡೋಕೆ ಆಗಿಲ್ಲ.

ಪ್ರೀತಮ್ ಕೆಟ್ಟವನು ಅಂತ ನಾನು ಹೇಳುತ್ತಿಲ್ಲ. ಕಾಯಿಲೆ ಮನುಷ್ಯನಿಗೆ ನೋವಾಗಬಾರದು ಅಂತ ಹಿಂದೆ ಸರಿದ, ದೊಡ್ಡ ಮನಸ್ಸೇ. ಆದರೆ ತ್ಯಾಗ ಮಾಡಿದ ಆ ಪ್ರೀತಿಯಲ್ಲಿ ಅರ್ಧ ಅವಳದ್ದು. ಬಿಟ್ಟುಕೊಡುವ ಮುಂಚೆ ಅವಳನ್ನು ಕೇಳಬೇಕಿತ್ತು.

ನಾವು ಅವಳನ್ನು ಬೈಯೋದು ಯಾಕೆ ಅಂದರೆ, ಶುರುವಿನಿಂದ ಕೊನೆವರೆಗೂ ನಾವು ಪ್ರೀತಮ್ ಪಾತ್ರ ಮಾಡಿದ ಗಣೇಶ್ ಜೊತೆಗೇ ಇರುತ್ತೇವೆ. ಅವನು ಮಾತಾಡುತ್ತಾನೆ, ನಗಿಸುತ್ತಾನೆ, ಯಾರೂ ಸಿಗದಿದ್ದರೆ ದೇವದಾಸ್ ಅನ್ನೋ ಮೊಲದ ಹತ್ತಿರವಾದರೂ ಹೇಳಿಕೊಳ್ಳುತ್ತಾನೆ. ಅವನ ಸಂಕಟ ಪೂರ್ತಿ ನಮ್ಮ ಕಿವಿಗೆ ಬೀಳುತ್ತೆ. ಅವಳಿಗೆ ಅಂಥ ಒಂದು ಮೊಲವೂ ಇಲ್ಲ. ‘ಇವನು ಗೆಳೆಯನಲ್ಲ’ ಹಾಡು ಇದೆಯಲ್ಲ, ಅವಳ ಒಳಗಿನ ಗೊಂದಲ ಇರೋದು ಅದರಲ್ಲಿ. ನಾವು ಜಾಸ್ತಿ ಗುನುಗಿದ್ದು ಸೋನು ನಿಗಮ್ ಹಾಡುಗಳನ್ನು. ಈ ಸಲ ಇದನ್ನೊಮ್ಮೆ ಕಣ್ಣು ಮುಚ್ಚಿ ಕೇಳಿ.

ಪ್ರಶ್ನೆ: ಅಷ್ಟು ಪ್ರೀತಿ ಇದ್ದಿದ್ದರೆ ಅವಳೇ ಮದುವೆ ಮನೆಯಿಂದ ಎದ್ದು ಬರಬಹುದಿತ್ತಲ್ಲ?
– ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಹಿಂದಿನ ರಾತ್ರಿ ಅವಳನ್ನು ಬಿಟ್ಟು ಹೊರಟವನು ಅವನು. ಬೆಳಿಗ್ಗೆ ಮದುಮಗನನ್ನು ಮನೆ ಹತ್ತಿರ ತಂದು ಬಿಟ್ಟವನೂ ಅವನೇ, ಮದುವೆಗೆ ಒಳಗೆ ಬರಲೂ ಇಲ್ಲ. ಅವಳು ಎದ್ದು ಯಾರ ಹತ್ತಿರ ಹೋಗಬೇಕಿತ್ತು ಹೇಳಿ?