ಒತ್ತಿದ್ದು ಒಂದು ಸಲ, ಎಣಿಸಿದ್ದು ನಾಲ್ಕು: ಡಿಜಿಟಲ್ ಲ್ಯಾಬ್ ಪ್ರಶ್ನೋತ್ತರ

ಪ್ರಶ್ನೆ: 7490 ಐಸಿ ಬಳಸಿ 0ಯಿಂದ 9ರವರೆಗೆ ಎಣಿಸುವ ಕೌಂಟರ್ ಕಟ್ಟಿದ್ದೇನೆ. ಎಣಿಕೆಯನ್ನು ಅಂಕಿಯ ಗೆರೆಗಳಾಗಿ ಬದಲಿಸುವ 7447 ಐಸಿ ಮತ್ತು ಸೆವೆನ್ ಸೆಗ್ಮೆಂಟ್ ಡಿಸ್‌ಪ್ಲೇ ಜೋಡಿಸಿದ್ದೇನೆ. ಟ್ರೈನರ್ ಕಿಟ್‌ನ ಸ್ವಿಚ್ಚನ್ನು ಒಂದು ಸಲ ಮೇಲೆ ಕೆಳಗೆ ಮಾಡಿದರೆ ಅಂಕಿ ನೇರ 3ಕ್ಕೋ 4ಕ್ಕೋ ಹಾರುತ್ತದೆ. ಎರಡು ಸಲ ಐಸಿ ಬದಲಿಸಿದರೂ ಅದೇ ಕಥೆ.
– ಮೂರನೇ ಸೆಮಿಸ್ಟರ್ ವಿದ್ಯಾರ್ಥಿನಿ, ಹಾಸನ

ಉತ್ತರ: ಐಸಿಯಲ್ಲಿ ದೋಷವಿಲ್ಲ, ಅದು ಸರಿಯಾಗಿಯೇ ಎಣಿಸುತ್ತಿದೆ. ಸ್ವಿಚ್ಚಿನೊಳಗಿನ ಲೋಹದ ಪಟ್ಟಿ ಒಂದೇ ಏಟಿಗೆ ಕೂರುವುದಿಲ್ಲ. ನೆಲಕ್ಕೆ ಬಿದ್ದ ಚೆಂಡಿನ ಹಾಗೆ ಕೆಲವು ಮಿಲಿಸೆಕೆಂಡು ಪುಟಿಯುತ್ತದೆ. ಪ್ರತಿ ಪುಟಿತವೂ 7490ಕ್ಕೆ ಒಂದು ಹೊಸ ಕ್ಲಾಕ್, ಅಂದರೆ ‘ಒಂದು ಎಣಿಸು’ ಎಂಬ ಸಂಕೇತ. ಕಣ್ಣಿಗೆ ಕಾಣದ ಈ ಪುಟಿತವನ್ನು ಮಲ್ಟಿಮೀಟರ್ ಕೂಡ ತೋರಿಸುವುದಿಲ್ಲ. ಆಸಿಲೋಸ್ಕೋಪನ್ನು ಸಿಂಗಲ್ ಟ್ರಿಗರ್‌ನಲ್ಲಿಟ್ಟು ನೋಡಿದರೆ ಹಲ್ಲು ಹಲ್ಲಾಗಿ ಕಾಣುತ್ತದೆ. ಒಮ್ಮೆ ನೋಡಲೇಬೇಕಾದ ದೃಶ್ಯ.

ಮೊದಲು ನಿಮ್ಮ ಕಿಟ್‌ನಲ್ಲಿ ‘ಪಲ್ಸರ್’ ಎಂದು ಬರೆದ ಒತ್ತುಗುಂಡಿ ಇದೆಯೇ ನೋಡಿ. ಸಾಮಾನ್ಯವಾಗಿ ಅದಕ್ಕೆ ಪುಟಿತ ತಡೆಯುವ ಸರ್ಕ್ಯೂಟ್ ಒಳಗೇ ಇರುತ್ತದೆ. 0, 1 ಕೊಡುವ ಸಾದಾ ಟಾಗಲ್ ಸ್ವಿಚ್ಚುಗಳಿಗೆ ಅದು ಇರುವುದು ಅಪರೂಪ. ಪಲ್ಸರ್ ಇಲ್ಲದಿದ್ದರೆ ಒಂದು 74ಎಲ್‌ಎಸ್00 (ನಾಲ್ಕು ನ್ಯಾಂಡ್ ಗೇಟಿನ ಐಸಿ), ಮೂರು ಕಾಲಿನ ಒಂದು ಟಾಗಲ್ ಸ್ವಿಚ್, 4.7 ಕಿಲೋ ಓಮ್‌ನ ಎರಡು ರೆಸಿಸ್ಟರ್ ತೆಗೆದುಕೊಳ್ಳಿ. ಸ್ವಿಚ್ಚಿನ ನಡುಕಾಲು ಗ್ರೌಂಡಿಗೆ. ಆಚೀಚಿನ ಕಾಲುಗಳಲ್ಲಿ ಒಂದು ಐಸಿಯ 1ನೇ ಪಿನ್ನಿಗೆ, ಇನ್ನೊಂದು 5ನೇ ಪಿನ್ನಿಗೆ. ಈ ಎರಡು ಪಿನ್ನುಗಳಿಂದಲೂ ಒಂದೊಂದು ರೆಸಿಸ್ಟರ್ 5 ವೋಲ್ಟಿಗೆ. ಆಮೇಲೆ ಅಡ್ಡಹೊಲಿಗೆ: 3ರಿಂದ 4ಕ್ಕೆ, 6ರಿಂದ 2ಕ್ಕೆ. 14ಕ್ಕೆ 5 ವೋಲ್ಟ್, 7ಕ್ಕೆ ಗ್ರೌಂಡ್. ಬಳಸದ ಇನ್‌ಪುಟ್‌ಗಳಾದ 9, 10, 12, 13ನ್ನು ಗ್ರೌಂಡಿಗೆ ಕಟ್ಟಿ, 8 ಮತ್ತು 11 ಔಟ್‌ಪುಟ್‌ಗಳು, ಅವನ್ನು ಮುಟ್ಟಬೇಡಿ. ಈಗ 3ನೇ ಪಿನ್ನೇ ನಿಮ್ಮ ಶುದ್ಧ ಕ್ಲಾಕ್. ಅದನ್ನು 7490ರ 14ನೇ ಪಿನ್ನಿಗೆ ಕೊಡಿ. ಪಟ್ಟಿ ಒಂದು ಕಡೆಯಿಂದ ಹಾರಿ ಇನ್ನೊಂದು ಕಡೆ ಮೊದಲ ಸಲ ತಾಗಿದ ಕ್ಷಣವೇ ಲ್ಯಾಚ್ (ಹೀಗೆ ಹೊಲಿದ, ಸ್ಥಿತಿಯನ್ನು ನೆನಪಿಟ್ಟುಕೊಳ್ಳುವ ಗೇಟುಗಳ ಜೋಡಿ) ಮಗುಚುತ್ತದೆ. ಪಟ್ಟಿ ಮತ್ತೆ ಮೇಲೆದ್ದಾಗ ಎರಡೂ ಇನ್‌ಪುಟ್ 1 ಆಗುತ್ತವೆ. ಆಗ ಲ್ಯಾಚ್ ಇದ್ದ ಸ್ಥಿತಿಯಲ್ಲೇ ಇರುತ್ತದೆ. ಪುಸ್ತಕದಲ್ಲಿ ಎಸ್‌ಆರ್ ಲ್ಯಾಚ್ ಓದಿ ‘ಇದರಿಂದ ಏನುಪಯೋಗ’ ಅನ್ನಿಸಿದ್ದವರಿಗೆ ಉತ್ತರ ಇಲ್ಲಿದೆ.

ಎರಡೇ ಕಾಲಿನ ಒತ್ತುಗುಂಡಿಗೆ ಈ ಉಪಾಯ ನಡೆಯದು. ಅದಕ್ಕೆ 74ಎಲ್‌ಎಸ್14 (ಶ್ಮಿಟ್ ಟ್ರಿಗರ್ ಇನ್ವರ್ಟರ್ ಐಸಿ) ಬೇಕು: ಇನ್‌ಪುಟ್ಟಿನಿಂದ 5 ವೋಲ್ಟಿಗೆ 10 ಕಿಲೋ ಓಮ್, ಗ್ರೌಂಡಿಗೆ 1 ಮೈಕ್ರೋಫ್ಯಾರಡ್ ಕೆಪಾಸಿಟರ್, ಗುಂಡಿಯನ್ನು 100 ಓಮ್ ಮೂಲಕ ಗ್ರೌಂಡಿಗೆ.

7490ರಲ್ಲಿ ಇನ್ನೂ ಎರಡು ಪರೀಕ್ಷೆ ಮಾಡಿ. 12ರಿಂದ 1ಕ್ಕೆ ತಂತಿ ಇದೆಯೇ? ಅದಿಲ್ಲದೆ ಹತ್ತರ ಎಣಿಕೆ ಆಗುವುದಿಲ್ಲ. ರಿಸೆಟ್ ಪಿನ್ನುಗಳಾದ 2, 3, 6, 7 ಗ್ರೌಂಡಿನಲ್ಲಿವೆಯೇ? ಅವನ್ನು ತೆರೆದು ಬಿಟ್ಟರೆ ಟಿಟಿಎಲ್ (7490ರಂಥ 74 ಸರಣಿಯ ಐಸಿಗಳ ಬಗೆ) ಅದನ್ನು 1 ಎಂದೇ ಓದುತ್ತದೆ. 6, 7 ತೆರೆದಿದ್ದರೆ ಅಂಕಿ 9ರಲ್ಲೇ ಅಂಟಿಕೊಳ್ಳುತ್ತದೆ.

ಪ್ರಶ್ನೆ: ನಮ್ಮ ಡಿಸ್‌ಪ್ಲೇಯಲ್ಲಿ 6ಕ್ಕೆ ತಲೆಯ ಗೆರೆ ಇಲ್ಲ, 9ಕ್ಕೆ ಬುಡದ ಗೆರೆ ಇಲ್ಲ. ಜೊತೆಗೆ 1 ಜಗಮಗ ಹೊಳೆಯುತ್ತದೆ, 8 ಮಂಕು.
– ಡಿಪ್ಲೊಮಾ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಮೊದಲನೆಯದು ತಪ್ಪಲ್ಲ. 7447 ಬರೆಯುವ 6 ಮತ್ತು 9 ಇರುವುದೇ ಹಾಗೆ. ಬಾಲ ಬೇಕಿದ್ದರೆ 74247 ಬಳಸಬೇಕು. ಎರಡನೆಯದು ನಿಮ್ಮದೇ ತಪ್ಪು. ಕಾಮನ್ ಆನೋಡಿಗೆ ಒಂದೇ ರೆಸಿಸ್ಟರ್ ಹಾಕಿದ್ದೀರಿ. 1ಕ್ಕೆ ಎರಡು ಸೆಗ್ಮೆಂಟ್, 8ಕ್ಕೆ ಏಳು. ಅಷ್ಟೇ ಕರೆಂಟನ್ನು ಏಳೂ ಹಂಚಿಕೊಳ್ಳಬೇಕು. ಪ್ರತಿ ಸೆಗ್ಮೆಂಟಿಗೆ ಒಂದರಂತೆ 330 ಓಮ್‌ನ ಏಳು ರೆಸಿಸ್ಟರ್ ಹಾಕಿ, ಒಂದೊಂದರಲ್ಲೂ ಸುಮಾರು 8 ಮಿಲಿಆಂಪ್ ಹರಿಯುತ್ತದೆ. 7447ರ 3 ಮತ್ತು 5ನೇ ಪಿನ್ನುಗಳನ್ನು 5 ವೋಲ್ಟಿಗೆ ಕಟ್ಟಿ, 4ನೆಯದನ್ನು ಹಾಗೇ ಬಿಡಿ.

ಪ್ರಶ್ನೆ: ಫುಲ್ ಆಡರ್ (ಮೂರು ಬಿಟ್ ಕೂಡಿಸುವ ಸರ್ಕ್ಯೂಟ್) ಕಟ್ಟುವಾಗ ಪ್ರತಿ ಗೇಟಿನ ಔಟ್‌ಪುಟ್ಟಿಗೂ ಒಂದೊಂದು ಕೆಂಪು ಎಲ್‌ಇಡಿ ಸಿಕ್ಕಿಸಿ ನೋಡುತ್ತೇನೆ. ಎಲ್‌ಇಡಿ ಉರಿಯುತ್ತದೆ, ಆದರೆ ಮುಂದಿನ ಗೇಟ್ ತಪ್ಪು ಉತ್ತರ ಕೊಡುತ್ತದೆ. ಎಲ್‌ಇಡಿ ಕಿತ್ತರೆ ಎಲ್ಲ ಸರಿ!
– ಇ ಅಂಡ್ ಸಿ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಅರ್ಧ ಉತ್ತರ ನಿಮ್ಮ ಪ್ರಶ್ನೆಯ ಕೊನೆಯ ವಾಕ್ಯದಲ್ಲೇ ಇದೆ. ರೆಸಿಸ್ಟರ್ ಇಲ್ಲದೆ ಔಟ್‌ಪುಟ್ಟಿನಿಂದ ನೇರ ಗ್ರೌಂಡಿಗೆ ಹಾಕಿದ ಕೆಂಪು ಎಲ್‌ಇಡಿ ಆ ಪಿನ್ನಿನ ವೋಲ್ಟೇಜನ್ನು ಸುಮಾರು 1.8ಕ್ಕೆ ಎಳೆದು ಕಟ್ಟಿಹಾಕುತ್ತದೆ. 1 ಎಂದು ಓದಲು ಮುಂದಿನ ಗೇಟಿಗೆ ಕನಿಷ್ಠ 2.0 ವೋಲ್ಟ್ ಬೇಕು. 0 ಎನ್ನಲು 0.8ಕ್ಕಿಂತ ಕೆಳಗಿರಬೇಕು. ನಡುವಿನದು ಯಾರದ್ದೂ ಅಲ್ಲದ ಜಾಗ. ಎಲ್‌ಎಸ್ (74ಎಲ್‌ಎಸ್ ಸರಣಿಯ) ಗೇಟ್ 1 ಆಗಿರುವಾಗ ಹೊರಕೊಡಬಲ್ಲದ್ದು ಖಾತರಿಯಾಗಿ 0.4 ಮಿಲಿಆಂಪ್ ಮಾತ್ರ, 0 ಆಗಿರುವಾಗ ಒಳಗೆಳೆದುಕೊಳ್ಳಬಲ್ಲದ್ದು 8. ಹಾಗಾಗಿ ಎಲ್‌ಇಡಿಯನ್ನು ತಿರುಗಿಸಿ ಹಾಕಿ: 5 ವೋಲ್ಟಿನಿಂದ 330 ಓಮ್, ಅಲ್ಲಿಂದ ಎಲ್‌ಇಡಿ, ಅಲ್ಲಿಂದ ಗೇಟ್. ಆಗ ಅದು 0 ಇದ್ದಾಗ ಉರಿಯುತ್ತದೆ. 1ಕ್ಕೇ ಉರಿಯಬೇಕೆಂದರೆ ನಡುವೆ 0ಯನ್ನು 1, 1ನ್ನು 0 ಮಾಡುವ 74ಎಲ್‌ಎಸ್04ರ ಒಂದು ಗೇಟ್ ಸೇರಿಸಿ.

ಸಂಶಯ ಬಂದಾಗ ಎಲ್‌ಇಡಿ ನಂಬಬೇಡಿ, ಮಲ್ಟಿಮೀಟರಿನಲ್ಲಿ ಐಸಿಯ ಕಾಲಿನ ಮೇಲೇ ಅಳೆಯಿರಿ. 1.4 ವೋಲ್ಟಿನ ಆಸುಪಾಸು ಕಂಡರೆ ಆ ಇನ್‌ಪುಟ್ಟಿಗೆ ತಂತಿ ತಲುಪಿಯೇ ಇಲ್ಲ ಎಂದರ್ಥ.

ಪ್ರಶ್ನೆ: ಎಸ್‌ಪಿ ರೋಡಿನ ಅಂಗಡಿಯಲ್ಲಿ 74ಎಲ್‌ಎಸ್ ಕೇಳಿದರೆ ‘ಎರಡೂ ಒಂದೇ’ ಎಂದು 74ಎಚ್‌ಸಿ ಕೊಟ್ಟರು. ಈಗ ಕೈ ಹತ್ತಿರ ತಂದರೂ ಔಟ್‌ಪುಟ್ ಬದಲಾಗುತ್ತದೆ.
– ಬೆಂಗಳೂರು

ಉತ್ತರ: ಪಿನ್ನುಗಳ ಜೋಡಣೆ ಒಂದೇ, ಸ್ವಭಾವ ಬೇರೆ. ತೆರೆದ ಇನ್‌ಪುಟ್ಟನ್ನು ಎಲ್‌ಎಸ್ 1 ಎಂದು ಓದಿ ನಿಮ್ಮ ಮರೆವನ್ನು ಮುಚ್ಚಿಹಾಕುತ್ತದೆ. ಎಚ್‌ಸಿ ಹಾಗಲ್ಲ, ತೆರೆದಿದ್ದರೆ ಗಾಳಿಪಟದಂತೆ ತೇಲುತ್ತದೆ. ಬಳಸದ ಗೇಟುಗಳ ಇನ್‌ಪುಟ್ ಸೇರಿ ಎಲ್ಲವನ್ನೂ 5 ವೋಲ್ಟಿಗೋ ಗ್ರೌಂಡಿಗೋ ಕಟ್ಟಿ. ಎರಡೂ ಬಗೆ ಬೆರೆಸಿದ್ದರೆ ಇನ್ನೊಂದು ತೊಡಕು: ಎಲ್‌ಎಸ್ ಕೊಡುವ 1 ಕನಿಷ್ಠ 2.7 ವೋಲ್ಟ್ ಇದ್ದರೆ ಸಾಕು, ಎಚ್‌ಸಿ ಕೇಳುವುದು 3.5. ಎಲ್‌ಎಸ್ ಔಟ್‌ಪುಟ್ಟಿನಿಂದ 5 ವೋಲ್ಟಿಗೆ 2.2 ಕಿಲೋ ಓಮ್ ಹಾಕಿ, ಇಲ್ಲವೇ ಎಲ್‌ಎಸ್‌ನ ಮಟ್ಟಗಳನ್ನೇ ಓದುವ 74ಎಚ್‌ಸಿಟಿ ಕೊಳ್ಳಿ. ಪ್ರತಿ ಐಸಿಯ ಪಕ್ಕದಲ್ಲಿ 5 ವೋಲ್ಟಿಗೂ ಗ್ರೌಂಡಿಗೂ ನಡುವೆ ‘104’ ಎಂದು ಬರೆದ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಇರಲಿ.

ಪ್ರಶ್ನೆ: ಪ್ರತಿ ಬ್ಯಾಚಿನಲ್ಲೂ ಒಂದೆರಡು ಐಸಿ ಸುಡುತ್ತವೆ. ಹುಡುಗರಿಗೆ ಏನು ಹೇಳಿಕೊಡಲಿ?
– ಲ್ಯಾಬ್ ಇನ್‌ಸ್ಟ್ರಕ್ಟರ್, ಮೈಸೂರು

ಉತ್ತರ: ವಿಸಿಸಿ (ಐಸಿಗೆ 5 ವೋಲ್ಟ್ ಕೊಡುವ ಪಿನ್) ಮೂಲೆಯಲ್ಲೇ ಇರುತ್ತದೆ ಎಂಬ ರೂಢಿಯನ್ನು ಮೊದಲು ಬಿಡಿಸಿ. 7476ರಲ್ಲಿ ವಿಸಿಸಿ 5ನೇ ಪಿನ್, ಗ್ರೌಂಡ್ 13ನೇ ಪಿನ್. 7490ರಲ್ಲಿ ವಿಸಿಸಿ 5, ಗ್ರೌಂಡ್ 10. ಎರಡನೆಯ ಬಲಿ 7402: 7400ರಲ್ಲಿ 1ನೇ ಪಿನ್ ಇನ್‌ಪುಟ್, 7402ರಲ್ಲಿ ಅದೇ ಔಟ್‌ಪುಟ್. ಅದಕ್ಕೆ ಸ್ವಿಚ್ ಕೊಟ್ಟರೆ ಔಟ್‌ಪುಟ್ಟೇ ಶಾರ್ಟ್. ಸರ್ಕ್ಯೂಟ್ ಚಿತ್ರದಲ್ಲಿ ಪ್ರತಿ ಗೆರೆಯ ತುದಿಗೂ ಪಿನ್ ನಂಬರ್ ಬರೆಯದೆ ತಂತಿ ಮುಟ್ಟಬಾರದು ಎಂಬ ನಿಯಮ ಮಾಡಿ. ವಿಸಿಸಿಗೆ ಕೆಂಪು, ಗ್ರೌಂಡಿಗೆ ಕಪ್ಪು. 22 ಗೇಜಿನ ಒಂಟಿ ಎಳೆಯ ತಂತಿ. ಸಪ್ಲೈ ಹಾಕುವ ಮುನ್ನ 4.75ರಿಂದ 5.25 ವೋಲ್ಟಿನೊಳಗಿದೆಯೇ ಎಂದು ಅಳೆಯಲಿ. ಕೆಲವು ಬ್ರೆಡ್‌ಬೋರ್ಡ್‌ಗಳಲ್ಲಿ ಅಂಚಿನ ಸಪ್ಲೈ ಸಾಲು ನಡುವೆ ತುಂಡಾಗಿರುತ್ತದೆ. ಅರ್ಧ ಬೋರ್ಡಿಗೆ ಕರೆಂಟೇ ಇರದೆ ಹುಡುಗರು ಗಂಟೆಗಟ್ಟಲೆ ಹುಡುಕುವುದು ಅದಕ್ಕೇ.

ಪ್ರಶ್ನೆ: ಸರ್ಕ್ಯೂಟನ್ನು ಪಠ್ಯವಾಗಿ ಬರೆಯುವ ವೆರಿಲಾಗ್ ಭಾಷೆಯಲ್ಲಿ, ಕ್ಲಾಕಿಗೊಂದು ಹೆಜ್ಜೆ ಬಿಟ್ ಸರಿಸುವ 4 ಬಿಟ್ ಶಿಫ್ಟ್ ರಿಜಿಸ್ಟರ್ ಬರೆದೆ. ಒಂದೇ ಕ್ಲಾಕಿಗೆ ನಾಲ್ಕೂ ಎಲ್‌ಇಡಿ ಉರಿದವು.
– ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಕ್ಲಾಕಿನ ಬ್ಲಾಕಿನೊಳಗೆ ‘=’ ಬಳಸಿದ್ದೀರಿ. ಅದು ಸಾಲಿನ ಮೇಲೆ ಸಾಲು ಆಗಿಂದಾಗಲೇ ನಡೆಯುವುದರಿಂದ ಹೊಸ ಬಿಟ್ ಮೊದಲ ಫ್ಲಿಪ್‌ಫ್ಲಾಪಿಗೆ (ಒಂದು ಬಿಟ್ ಹಿಡಿದಿಡುವ ಘಟಕ), ಅದೇ ಉಸಿರಿನಲ್ಲಿ ಎರಡನೆಯದಕ್ಕೆ, ನಾಲ್ಕನೆಯದರವರೆಗೂ ಓಡುತ್ತದೆ. ‘<=’ ಬರೆದರೆ ನಾಲ್ಕೂ ಹಳೆಯ ಬೆಲೆಯನ್ನೇ ಓದಿ ಒಟ್ಟಿಗೆ ಬದಲಾಗುತ್ತವೆ. ಬೋರ್ಡಿನ ಗುಂಡಿಯನ್ನೇ ಕ್ಲಾಕ್ ಮಾಡಿಕೊಂಡಿದ್ದರೆ ಮೊದಲ ಪ್ರಶ್ನೆಯ ಪುಟಿತ ಇಲ್ಲೂ ಕಾಡುತ್ತದೆ. ಗುಂಡಿಯ ಸಂಕೇತವನ್ನು ಎರಡು ಫ್ಲಿಪ್‌ಫ್ಲಾಪ್ ದಾಟಿಸಿ, 10 ಮಿಲಿಸೆಕೆಂಡು ಅಲುಗದೆ ನಿಂತ ಮೇಲಷ್ಟೇ ಒಪ್ಪಿಕೊಳ್ಳಿ. 50 ಮೆಗಾಹರ್ಟ್ಸ್ ಕ್ಲಾಕಿನಲ್ಲಿ ಅದು 5,00,000 ಎಣಿಕೆ. 19 ಬಿಟ್ಟಿನ ಕೌಂಟರ್ ಸಾಕು.