ಮಳೆಮಾಪಕ ಜಾಲದ ಸಿಮ್‌ಗಳನ್ನು ಹೊಸ ಗುತ್ತಿಗೆಗೆ ಬದಲಿಸುವಾಗ ಮಾಹಿತಿ ನಿಲ್ಲದಂತೆ ಏನು ಮಾಡಬೇಕು? (ರಾಯಚೂರು–ಕೊಪ್ಪಳ ಭಾಗ)

ಮೊಬೈಲ್ ಕಂಪನಿಯೊಂದಿಗಿನ ಹಳೆಯ ಗುತ್ತಿಗೆ ಮುಗಿಯುವ ದಿನವೇ ಹೊಸದು ಶುರುವಾಗುವಂತೆ ಇಟ್ಟುಕೊಳ್ಳಬೇಡಿ. ಒಂದು ತಿಂಗಳಾದರೂ ಎರಡೂ ಚಾಲ್ತಿಯಲ್ಲಿರಲಿ. ಎರಡು ಬಿಲ್ ಯಾಕೆ ಎಂದು ಲೆಕ್ಕಪತ್ರದವರು ಕೇಳಿಯೇ ಕೇಳುತ್ತಾರೆ, ಕಾರಣವನ್ನು ಕಡತದಲ್ಲಿ ಮೊದಲೇ ಬರೆದಿಡಿ. ಕೆಲಸವೆಲ್ಲ ಮುಂಗಾರಿಗೆ ಮುಂಚೆ, ಏಪ್ರಿಲ್ ಒಳಗೆ ಮುಗಿಯಲಿ.

ಟೆಂಡರ್‌ಗೂ ಮುನ್ನ ಸಿಮ್ ಕೂರುವ ಮೋಡೆಮ್ ನೋಡಿ. ಹಳೆಯ ಲಾಗರ್‌ಗಳಲ್ಲಿ (ಮಳೆಯ ಅಂಕಿ ದಾಖಲಿಸಿ ಕಳಿಸುವ ಪೆಟ್ಟಿಗೆ) ಬರೀ 2ಜಿ ಇರುವುದುಂಟು. ಜಿಯೋಗೆ 2ಜಿ ಜಾಲವೇ ಇಲ್ಲ, ಅಂಥ ಕಡೆ ಮೋಡೆಮ್ಮನ್ನೂ ಬದಲಿಸಬೇಕಾಗುತ್ತದೆ. ಆನೆಗೊಂದಿ ಕಡೆಯ ಬಂಡೆಗುಡ್ಡಗಳ ಮರೆಯಲ್ಲಿ ನಿಮ್ಮ ಫೋನಿನ ಸಿಗ್ನಲ್ ಕಡ್ಡಿ ನಂಬಬೇಡಿ. ಮೋಡೆಮ್‌ಗೇ 'ಎಟಿ+ಸಿಎಸ್‌ಕ್ಯೂ' (AT+CSQ) ಆದೇಶ ಕೊಡಿ: ಸಿಗ್ನಲ್ ಬಲ ಹೇಳುವ 0ರಿಂದ 31ರೊಳಗಿನ ಅಂಕಿ ಬರುತ್ತದೆ. 10ಕ್ಕಿಂತ ಕಡಿಮೆಯಾದರೆ ಆಂಟೆನಾ ಎತ್ತರಿಸಿ. 99 ಬಂದರೆ ಸಿಗ್ನಲ್ ಸಿಕ್ಕಿಲ್ಲ.

ಹೆಚ್ಚು ಕೈಕೊಡುವುದು ಎಪಿಎನ್ (ಮೊಬೈಲ್ ಜಾಲದಿಂದ ಮಾಹಿತಿ ಹೊರಹೋಗುವ ದಾರಿಯ ಹೆಸರು, APN). ಸಿಮ್ ಹೊಸದು, ಲಾಗರ್‌ನಲ್ಲಿ ಎಪಿಎನ್ ಹಳೆಯದು ಆದರೆ ಜಾಲಕ್ಕೆ ಸೇರಿದಂತೆ ಕಾಣುತ್ತದೆ, ಮಾಹಿತಿ ಮಾತ್ರ ಹೋಗದು. ಮತ್ತೆಮತ್ತೆ ಪ್ರಯತ್ನಿಸಿ 12 ವೋಲ್ಟ್ ಬ್ಯಾಟರಿಯೂ ಬರಿದಾಗುತ್ತದೆ. ಖಾಸಗಿ ಎಪಿಎನ್ ಇದ್ದರೆ ಹೊಸ ಐಪಿ ವಿಳಾಸಗಳನ್ನು ಸರ್ವರ್‌ನ ಫೈರ್‌ವಾಲ್‌ನಲ್ಲಿ ಮೊದಲೇ ತೆರೆದಿಡಿ.

ಸ್ಥಳದಲ್ಲಿ ಬೆಳಿಗ್ಗೆ 8:30ರ ನಂತರವೇ ಕೈಹಾಕಿ, ಹಿಂದಿನ 24 ಗಂಟೆಯ ಮಳೆಯ ಲೆಕ್ಕ ಅಲ್ಲಿಗೆ ಮುಗಿದಿರುತ್ತದೆ. ಲಾಗರ್ ಮೆಮೊರಿ ಇಳಿಸಿಕೊಂಡು, ವಿದ್ಯುತ್ ತೆಗೆದು ಸಿಮ್ ಬದಲಿಸಿ. ಆಮೇಲೆ ವಿದ್ಯುತ್ ಮತ್ತೆ ಕೊಟ್ಟು ಮಳೆಮಾಪಕಕ್ಕೆ ಅಳೆದ ನೀರು ನಿಧಾನ ಸುರಿಯಿರಿ: ಅದರ ಬಾಯಿಯ ವಿಸ್ತೀರ್ಣ 200 ಚದರ ಸೆಂ.ಮೀ. ಇದ್ದರೆ 100 ಮಿ.ಲೀ. ಎಂದರೆ 5 ಮಿ.ಮೀ. ಅಷ್ಟೇ ಅಂಕಿ ಸರ್ವರ್‌ನಲ್ಲಿ ಕಂಡಮೇಲೆ ಅದನ್ನು 'ಪರೀಕ್ಷೆ' ಎಂದು ಗುರುತಿಸಿ ತೆಗೆಸಿ, ಇಲ್ಲದಿದ್ದರೆ ಬಿಸಿಲಲ್ಲೂ ಮಳೆ ದಾಖಲಾಗುತ್ತದೆ.